ಗರಿಕೆಯೇ ಇರಲಿ

ನಮ್ಮ ಕಾಲೇಜಿನ ಮುಂದಣ ಹುಲ್ಲುಹಾಸನ್ನು ಕಿತ್ತು ಪ್ಲಾಸ್ಟಿಕ್ ಹುಲ್ಲನ್ನು ಹಾಸಬೇಕೆಂಬುದು ಗೆಳೆಯರನೇಕರ ವಾದ. ಬೇಸಗೆಯಲ್ಲಿ ಹಾಸ್ಟೆಲಿಗೇ ನೀರು ಸಾಲದಿರುವಾಗ ಹುಲ್ಲಿಗೆ ಸುರಿಯುವುದು ತರವಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅದಕ್ಕೆ ಪ್ಲಾಸ್ಟಿಕ್ಕೇ ಮದ್ದೆಂಬುದನ್ನು ಒಪ್ಪಲಾರೆ.

1966ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಆಸ್ಟ್ರೋಡೋಮ್ ಕ್ರೀಡಾಂಗಣದಲ್ಲಿ ಕೃತಕ ಹುಲ್ಲನ್ನು ಹಾಸಿದುದು, ಚಾವಣಿಗೆ ಬಣ್ಣ ಬಳಿದ ಮೇಲೆ ಬಿಸಿಲು ಸಾಲದೆ ನಿಜವಾದ ಹುಲ್ಲು ಸತ್ತುದರಿಂದ. ನಮಗಾದರೋ ಬಿಸಿಲಿಗೆ ಬರವೇ? ಆ ಬಿಸಿಲಿನಲ್ಲಿ ಪ್ಲಾಸ್ಟಿಕ್ ಕಾದು ಕಾಲು ಸುಡುತ್ತದೆ. ಕೆಲವು ವರ್ಷಗಳಲ್ಲಿ ಸವೆದು ಕಸವಾಗುತ್ತದೆ, ಮಣ್ಣಾಗುವುದಿಲ್ಲ.

ನಮ್ಮಲ್ಲಿರುವುದು ಗರಿಕೆ. ಬೇಸಗೆಯಲ್ಲಿ ನೀರೆರೆಯುವುದನ್ನು ನಿಲ್ಲಿಸೋಣ. ಎಲೆ ಒಣಗಿದರೂ ಬೇರು ಬದುಕಿದ್ದು, ಮಳೆ ಬಿದ್ದೊಡನೆ ಚಿಗುರುತ್ತದೆ. ಮೂರು ತಿಂಗಳು ಕಂದುಬಣ್ಣವನ್ನು ನೋಡಲಾರದಷ್ಟು ಸುಕುಮಾರವೇ ನಮ್ಮ ಕಣ್ಣು? ಉಳಿದ ನೀರು ಹಾಸ್ಟೆಲಿಗಾಗಲಿ.