ನೀಲಿ ನೀರು, ಕಪ್ಪು ಕವರ್

ಮನೆಮಂದಿಯೆಲ್ಲ ಕೂತು ಧಾರಾವಾಹಿಯೋ ಕ್ರಿಕೆಟ್ಟೋ ನೋಡ್ತಿರುವಾಗ ಮಧ್ಯೆ ಸ್ಯಾನಿಟರಿ ಪ್ಯಾಡ್ ಜಾಹೀರಾತು ಬಂದರೆ ಏನಾಗುತ್ತೆ ಅಂತ ನಿಮಗೆ ಗೊತ್ತೇ ಇದೆ. ಅಪ್ಪ ರಿಮೋಟ್ ಹುಡುಕ್ತಾರೆ, ಅಮ್ಮನಿಗೆ ಒಲೆ ಮೇಲಿಟ್ಟ ಹಾಲು ನೆನಪಾಗುತ್ತೆ, ಮಕ್ಕಳು ಮೊಬೈಲಿನೊಳಗೆ ತಲೆ ಹುದುಗಿಸ್ತಾರೆ. ಇಂಥ ವಸ್ತುಗಳನ್ನು ಮಾರುವವರಿಗೆ ಈ ಮೂವತ್ತು ಸೆಕೆಂಡಿನ ಮುಜುಗರವೇ ದೊಡ್ಡ ತಲೆನೋವು. ಬೆವರು, ಮುಟ್ಟು, ಕಕ್ಕಸು ಇವುಗಳ ಬಗ್ಗೆ ಬಾಯಿ ಬಿಡದೆ ವಸ್ತು ಮಾರೋಕಾಗಲ್ಲ. ಬಾಯಿ ಬಿಟ್ಟರೆ ಜನ ಚಾನೆಲ್ ಬದಲಿಸ್ತಾರೆ.

ಮೊದಲು ಅವರು ಹಿಡಿದ ದಾರಿ ಹೆದರಿಸೋದು. ಅಮೆರಿಕದಲ್ಲಿ ‘ಓಡೊರೊನೊ’ ಅಂತ ಬೆವರು ತಡೆಯುವ ದ್ರಾವಣವೊಂದಿತ್ತು. 1919ರಲ್ಲಿ ಒಂದು ಮಹಿಳಾ ಪತ್ರಿಕೆಯಲ್ಲಿ ಅದರ ಜಾಹೀರಾತು ಬಂತು. ನಿನ್ನ ಮೈ ವಾಸನೆ ಬರ್ತಿರಬಹುದು, ಆದರೆ ಅದು ನಿನಗೇ ಗೊತ್ತಾಗದೇ ಇರಬಹುದು ಅನ್ನೋದು ಅದರ ಸಾರಾಂಶ. ಸುಮಾರು 200 ಓದುಗರು ಸಿಟ್ಟಾಗಿ ಚಂದಾ ನಿಲ್ಲಿಸಿದರು. ಆದರೆ ಒಂದೇ ವರ್ಷದಲ್ಲಿ ಮಾರಾಟ ದುಪ್ಪಟ್ಟು ದಾಟಿತು! ಬೈದುಕೊಂಡೇ ಕೊಂಡರು ಅನ್ನಿ. ಅಲ್ಲಿಂದ ಮುಂದೆ ಬಾಯಿ ವಾಸನೆಗೂ ಇದೇ ಮಂತ್ರ. ಮೊದಲು ಭಯ ಹುಟ್ಟಿಸು, ಆಮೇಲೆ ಬಾಟಲಿ ತೋರಿಸು.

ಎರಡನೆಯ ದಾರಿ ಮುಚ್ಚಿಡೋದು. ಪ್ಯಾಡ್ ಜಾಹೀರಾತುಗಳ ನೀಲಿ ನೀರು ಹುಟ್ಟಿದ್ದು ಹೀಗೆ. ಬಿಳಿ ಪ್ಯಾಂಟು ಹಾಕಿಕೊಂಡು ಕುಣಿಯುವ ಹುಡುಗಿ, ಗಾಜಿನ ಲೋಟದಿಂದ ಸುರಿಯುವ ನೀಲಿ ದ್ರವ. ಇದು ಯಾವುದಕ್ಕೆ ಬಳಸೋ ವಸ್ತು ಅಂತ ಗೊತ್ತಿಲ್ಲದವರು ನೋಡಿದರೆ, ಇಂಕು ಚೆಲ್ಲಿದಾಗ ಒರೆಸೋಕೆ ಅಂದುಕೊಂಡಾರು.

ಕೊನೆಗೆ ಈ ನೀಲಿ ನೀರನ್ನೇ ಗೇಲಿ ಮಾಡುವ ಧೈರ್ಯ ಬಂತು. 2010ರಲ್ಲಿ ಅಮೆರಿಕದ ಕೋಟೆಕ್ಸ್ ಕಂಪನಿ ಒಂದು ಜಾಹೀರಾತು ಮಾಡಿತು. ಮುಟ್ಟಾದಾಗ ನನಗೆ ಬಿಳಿ ಬಟ್ಟೆ ತೊಟ್ಟು ಬೀಚ್‌ನಲ್ಲಿ ಓಡಬೇಕು ಅನ್ಸುತ್ತೆ ಅಂತ ಹುಡುಗಿಯೊಬ್ಬಳು ಗಂಭೀರ ಮುಖ ಮಾಡಿಕೊಂಡು ಹೇಳ್ತಾಳೆ. ಗೇಲಿಗೆ ಒಳಗಾದದ್ದು ಬೇರೆ ಯಾರೂ ಅಲ್ಲ, ಅಷ್ಟು ವರ್ಷ ಅಂಥದ್ದನ್ನೇ ತೋರಿಸುತ್ತಾ ಬಂದಿದ್ದ ಇಂಥ ಕಂಪನಿಗಳೇ. ತಮಾಷೆ ನೋಡಿ, ಇದರಲ್ಲಿ ಆ ಅಂಗದ ಹೆಸರು ಹೇಳೋಕೆ ಮೂರು ಟಿವಿ ಜಾಲಗಳು ಒಪ್ಪಲಿಲ್ಲ. ಹೋಗಲಿ ಅಂತ ಬರೀ ‘ಅಲ್ಲಿ ಕೆಳಗೆ’ ಅಂದರೆ ಅದಕ್ಕೂ ಎರಡು ಜಾಲಗಳು ಒಲ್ಲೆ ಅಂದವು.

2012ರಲ್ಲಿ ಬ್ರಿಟನ್ನಿನ ಬಾಡಿಫಾರ್ಮ್ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನಿಮ್ಮ ಜಾಹೀರಾತು ನೋಡಿ ಮುಟ್ಟು ಅಂದರೆ ಸೈಕಲ್ ಸವಾರಿ, ಕುಣಿತ, ಖುಷಿ ಅಂತ ನಂಬಿದ್ದೆ, ಗರ್ಲ್‌ಫ್ರೆಂಡ್ ಸಿಕ್ಕ ಮೇಲೆ ನಿಜ ಗೊತ್ತಾಯ್ತು ಅಂತ ಒಬ್ಬ ಗಂಡಸು ಫೇಸ್‌ಬುಕ್ಕಿನಲ್ಲಿ ತಮಾಷೆಯ ದೂರು ಬರೆದ. ಕಂಪನಿ ವಿಡಿಯೋದಲ್ಲೇ ಉತ್ತರ ಕೊಟ್ಟಿತು. ನಟಿಯೊಬ್ಬಳು ಕಂಪನಿಯ ಮುಖ್ಯಸ್ಥೆಯ ವೇಷದಲ್ಲಿ ಕೂತು, ಹೌದಪ್ಪಾ, ನಾವು ಸುಳ್ಳು ಹೇಳಿದ್ದೆವು, ಗಂಡಸರು ನಿಜ ತಡೆದುಕೊಳ್ಳಲಾರರು ಅಂತ ಹೇಳಿದ್ದೆವು ಅಂತಾಳೆ. ಎದುರಿಗಿದ್ದ ಲೋಟದಿಂದ ಅದೇ ನೀಲಿ ನೀರನ್ನು ಗುಟುಕರಿಸ್ತಾಳೆ ಕೂಡ! ಇದೇ ಕಂಪನಿ 2017ರ ಜಾಹೀರಾತಿನಲ್ಲಿ ನೀಲಿ ಬಿಟ್ಟು ಕೆಂಪು ಬಣ್ಣ ತೋರಿಸಿತು. ಮೊದಲು ನಗು ಬಂತು, ಅದರ ಹಿಂದೆ ನಿಜ ಬಂತು.

ಇದಕ್ಕೂ ಬಹಳ ಮೊದಲೇ ಜಪಾನಿನವರು ಈ ಗುಟ್ಟು ಕಂಡುಕೊಂಡಿದ್ದರು. ಅಲ್ಲಿನ ಟೋಟೋ ಕಂಪನಿ 1980ರಲ್ಲಿ ನೀರು ಚಿಮ್ಮಿಸಿ ತೊಳೆಯುವ ‘ವಾಷ್‌ಲೆಟ್’ ಅನ್ನೋ ಕಮೋಡ್ ಸೀಟು ತಂದಿತು. ಕಾಗದದಲ್ಲಿ ಒರೆಸಿಕೊಂಡೇ ಅಭ್ಯಾಸವಾದ ಜನಕ್ಕೆ ಇದನ್ನು ಹೇಳೋದು ಹೇಗೆ? 1982ರ ಜಾಹೀರಾತಿನಲ್ಲಿ ಗಾಯಕಿ ಜುನ್ ತೊಗಾವಾ ಕೈಗೆ ಬಣ್ಣ ಮೆತ್ತಿಕೊಂಡು ಕಾಗದದಲ್ಲಿ ಒರೆಸ್ತಾಳೆ. ಬಣ್ಣ ಹೋಗಲ್ಲ. ಕೈ ಕೊಳೆಯಾದರೆ ತೊಳೀತೀರಲ್ಲ, ಕುಂಡೆಗೂ ತೊಳೆಸಿಕೊಳ್ಳೋ ಆಸೆ ಇರುತ್ತೆ ಅನ್ನುವ ಅರ್ಥದ ಒಂದು ಮಾತು, ಅಷ್ಟೇ. ಊಟದ ಹೊತ್ತಿಗೆ ಇದೇನು ಅಂತ ವೀಕ್ಷಕರು ದೂರು ಕೊಟ್ಟರು. ಇವತ್ತು ಜಪಾನಿನ ಹೆಚ್ಚಿನ ಮನೆಗಳಲ್ಲಿ ಅಂಥ ಸೀಟು ಇದೆ. ಚೊಂಬು ಹಿಡಿದುಕೊಂಡೇ ದೊಡ್ಡವರಾದ ನಮಗೆ ಇದನ್ನೂ ಹೇಳಿಕೊಡಬೇಕಿತ್ತಾ ಅನ್ನಿಸಬಹುದು. ಆದರೆ ಆ ಬಣ್ಣದ ಉಪಾಯ ಗಮನಿಸಿ. ನಕ್ಕು ಮುಗಿಸುವಷ್ಟರಲ್ಲಿ ತಲೆಗೊಂದು ತರ್ಕ ಹೊಕ್ಕಿರುತ್ತೆ.

2015ರಲ್ಲಿ ಅಮೆರಿಕದ ‘ಸ್ಕ್ವಾಟಿ ಪಾಟಿ’ ಮಾಡಿದ್ದೂ ಇದನ್ನೇ. ಕಮೋಡ್ ಮುಂದೆ ಕಾಲಿಡುವ ಸಣ್ಣ ಸ್ಟೂಲು ಅದು. ಬಣ್ಣಬಣ್ಣದ ಐಸ್‌ಕ್ರೀಮ್ ಹೇಲುವ ಒಂಟಿ ಕೊಂಬಿನ ಕುದುರೆಯನ್ನು ತೋರಿಸಿ ನಗಿಸುತ್ತಲೇ, ಕುಕ್ಕರುಗಾಲಲ್ಲಿ ಕೂತಾಗ ಕರುಳಿನ ಕೊನೆಯ ಬಾಗು ಹೇಗೆ ಸಡಿಲವಾಗುತ್ತೆ ಅಂತ ವಿವರಿಸಿಬಿಟ್ಟರು. ನಮ್ಮ ಹಳೇ ಇಂಡಿಯನ್ ಶೈಲಿಯ ಕಕ್ಕಸು ಪುಕ್ಕಟೆಯಾಗಿ ಕೊಡುತ್ತಿದ್ದ ಭಂಗಿಯನ್ನು ಅವರು ಸ್ಟೂಲು ಮಾಡಿ ಮಾರಿದರು. ಶಹಬ್ಬಾಸ್ ಅನ್ನಬೇಕು.

ಇನ್ನು ನಮ್ಮಲ್ಲಿ? 2014ರ ವಿಸ್ಪರ್ ಜಾಹೀರಾತು ‘ಟಚ್ ದ ಪಿಕಲ್’ ನೆನಪಿರಬಹುದು. ಮುಟ್ಟಾದವಳು ಮುಟ್ಟಿದರೆ ಉಪ್ಪಿನಕಾಯಿ ಬೂಸ್ಟು ಹಿಡಿಯುತ್ತೆ ಅನ್ನೋ ನಂಬಿಕೆಯನ್ನು ಕಾಲೆಳೆದ ಜಾಹೀರಾತು. ಮರುವರ್ಷ ಫ್ರಾನ್ಸಿನ ಕಾನ್ ಜಾಹೀರಾತು ಉತ್ಸವದಲ್ಲಿ ದೊಡ್ಡ ಬಹುಮಾನ ಪಡೆಯಿತು. ಇಂಗ್ಲಿಷಿನವರಿಗೆ ಸಿಗದ ಮಜಾ ನಮಗೆ ಇದರಲ್ಲಿದೆ. ಕನ್ನಡದಲ್ಲಿ ಅದು ‘ಉಪ್ಪಿನಕಾಯಿ ಮುಟ್ಟು’ ಆಗುತ್ತೆ. ಮುಟ್ಟಬೇಡ ಅನ್ನೋದಕ್ಕೇ ಮುಟ್ಟು ಅಂತ ಹೆಸರಿಟ್ಟ ಭಾಷೆ ನಮ್ಮದು!

ಆದರೆ ನಗಿಸಿದ್ದೆಲ್ಲ ಒಳ್ಳೆಯದು ಅಂತಲ್ಲ. ಡಿಯೋಡರೆಂಟ್ ಹಾಕಿದವನ ಹಿಂದೆ ಹುಡುಗಿಯರು ಮೈಮರೆತು ಓಡೋ ಜಾಹೀರಾತುಗಳೂ ‘ತಮಾಷೆ’ಯೇ ಆಗಿದ್ದವು. 2011ರಲ್ಲಿ ಕೇಂದ್ರ ಸರ್ಕಾರವೇ ಅವುಗಳ ಮೇಲೆ ಕ್ರಮ ಆಗಬೇಕು ಅಂತ ಹೇಳಬೇಕಾಯಿತು. 2012ರಲ್ಲಿ ಹೆಂಗಸರ ಗುಪ್ತಾಂಗ ಬೆಳ್ಳಗಾಗುತ್ತೆ ಅನ್ನೋ ವಾಷ್ ಕೂಡ ನಮ್ಮ ಟಿವಿಗೆ ಬಂತು. ಇಲ್ಲದ ನಾಚಿಕೆಯೊಂದನ್ನು ಹೊಸದಾಗಿ ಹುಟ್ಟಿಸಿ, ಅದಕ್ಕೆ ಮದ್ದು ಮಾರಿದ್ದು ಅದು. 1919ರ ಆಟವೇ, ಬಾಟಲಿ ಮಾತ್ರ ಬೇರೆ. ಹಾಗಾಗಿ ಇಂಥ ಜಾಹೀರಾತು ಕಂಡಾಗ ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: ಇದು ನಗ್ತಿರೋದು ಯಾರನ್ನು? ನಾಚಿಕೆಯನ್ನೋ, ನಾಚಿಕೊಂಡವರನ್ನೋ?

ನಾನು ಮಾಡೋದು ಸಾಫ್ಟ್‌ವೇರ್ ಕೆಲಸ. ಯಾರೂ ದೂರು ದಾಖಲಿಸಿಲ್ಲ ಅಂದಮಾತ್ರಕ್ಕೆ ಬಗ್ ಇಲ್ಲ ಅಂತ ನಮ್ಮಲ್ಲಿ ಯಾರೂ ನಂಬಲ್ಲ. ಎಷ್ಟೋ ಸಲ ಬಳಸುವವರು ಸುಮ್ಮನೆ ಆ ಬಟನ್ ಒತ್ತೋದನ್ನೇ ಬಿಟ್ಟಿರ್ತಾರೆ. ಮನೆಯಲ್ಲೂ ಹಾಗೇ. ಮದುವೆಗೆ ಕರೆದರೆ ಮಂಡಿನೋವು ಅಂತ ಹೇಳಿ ಮನೆಯಲ್ಲೇ ಉಳಿಯೋ ಅಜ್ಜಿ, ಬಸ್ ಹತ್ತೋ ದಿನ ಬೆಳಗಿನಿಂದ ಒಂದು ಗುಟುಕು ನೀರೂ ಕುಡಿಯದ ಅತ್ತೆ. ಎಷ್ಟೋ ಸಲ ತೊಂದರೆ ಇರೋದು ಮಂಡಿಯಲ್ಲಲ್ಲ, ಕೆಮ್ಮಿದರೆ, ಸೀನಿದರೆ ತಡೆಯದ ಮೂತ್ರದಲ್ಲಿ. ಇದಕ್ಕೆ ವ್ಯಾಯಾಮ ಇದೆ, ಡಾಕ್ಟರ ಹತ್ತಿರ ಚಿಕಿತ್ಸೆ ಇದೆ, ಮೆಡಿಕಲ್ ಶಾಪಿನಲ್ಲಿ ದೊಡ್ಡವರ ಡೈಪರ್ ಇದೆ. ಇಲ್ಲದಿರೋದು ಅದನ್ನು ಬಾಯಿಬಿಟ್ಟು ಹೇಳೋ ಸಲಿಗೆ.

ಅಮೆರಿಕದಲ್ಲಿ 1980ರ ದಶಕದಲ್ಲೇ ಜೂನ್ ಆಲಿಸನ್ ಅನ್ನೋ ಹಿರಿಯ ಸಿನಿಮಾ ನಟಿ ಇಂಥ ಡೈಪರ್ ಪರವಾಗಿ ಟಿವಿಯಲ್ಲಿ ಮಾತಾಡಿದ್ದರು. ನಮ್ಮಲ್ಲಿ ಯಾರಾದರೂ ಅಜ್ಜಿಯಂದಿರನ್ನು ನೋಯಿಸದೆ, ಅವರೇ ಬಿದ್ದು ಬಿದ್ದು ನಗುವಂಥ ಕನ್ನಡದ ಜಾಹೀರಾತು ಮಾಡಲಿ ಅಂತ ನನಗಾಸೆ. ಅದು ಬರೋವರೆಗೆ ಕಾಯಬೇಕಾಗಿಲ್ಲ. ಮುಂದಿನ ಸಲ ಮೆಡಿಕಲ್ ಶಾಪಿನವರು ಪ್ಯಾಡನ್ನೋ ಡೈಪರನ್ನೋ ಪೇಪರಿನಲ್ಲಿ ಸುತ್ತಿ ಕಪ್ಪು ಕವರಿಗೆ ಹಾಕೋಕೆ ಹೊರಟರೆ, “ಕವರ್ ಬೇಡ ಅಣ್ಣ, ಹಾಗೇ ಕೊಡಿ” ಅನ್ನಿ. ಮನೆಗೆ ಬಂದು ಅಜ್ಜಿ ಪಕ್ಕ ಕೂತು, ಮದುವೆಗೆ ಯಾಕೆ ಬರಲ್ಲ ಅಂತ ಇನ್ನೊಂದು ಸಲ ಮೆಲ್ಲಗೆ ಕೇಳಿ.