ಮುಟ್ಟನ್ನು ಮುಟ್ಟಲು ಅಂಜುವವರಿಗೆ

ಚಿಕ್ಕೋಡಿ ಕಡೆಯ ಒಂದು ಹೈಸ್ಕೂಲು. ಖೋಖೋ ಪಂದ್ಯದ ದಿನ ನಮ್ಮ ಚುರುಕಿನ ಹುಡುಗಿಯೊಬ್ಬಳು ಮೈದಾನಕ್ಕೆ ಇಳಿಯಲಿಲ್ಲ. 'ಯಾಕವ್ವಾ?' ಅಂದೆ. ತಲೆ ತಗ್ಗಿಸಿದಳು. ಗೆಳತಿ ಪಿಸುಗುಟ್ಟಿದಳು: 'ಕಾಗಿ ಮುಟ್ಟೇತ್ರಿ ಸರ.' ನಾನು ಮಾಸ್ತರ. ವರದಿಯಲ್ಲಿ 'ಅನಾರೋಗ್ಯ' ಎಂದು ಬರೆದು ಕೈತೊಳೆದುಕೊಂಡೆ. ಅವಳಿಗೆ ಯಾವ ರೋಗವೂ ಇರಲಿಲ್ಲ. ರೋಗ ಇದ್ದದ್ದು ನನ್ನ ಪೆನ್ನಿಗೆ.

ಕಾಗೆ ಮುಟ್ಟಿತು, ಹೊರಗಾದಳು, ಕಡಿಗಾದಳು. ನಿಪ್ಪಾಣಿಯಿಂದ ಕಾಗವಾಡದವರೆಗೆ ಈ ಮಾತಿಗೆ ನೂರು ಮುಸುಕು. ಮುಟ್ಟು ಎಂಬ ಶಬ್ದದೊಳಗೇ 'ಮುಟ್ಟಬೇಡ' ಎಂಬ ಅಪ್ಪಣೆ ಕೂತಿದೆ. ಯಾರ ಅಪ್ಪಣೆ ಇದು? ಕೇರಿಯನ್ನು ಊರ ಹೊರಗಿಟ್ಟ ಬಾಯಿಯೇ ಹೆಣ್ಣನ್ನು ಮನೆಯ ಹೊರಗಿಟ್ಟಿತು. ಹನ್ನೆರಡನೇ ಶತಮಾನದ ಶರಣರಿಗೆ ಇದು ತಿಳಿದಿತ್ತು. ಜಾತಿಸೂತಕದ ಜೊತೆಗೇ ರಜಸ್ಸೂತಕವನ್ನೂ ಒದ್ದರು. ಇವತ್ತು ಶರಣರ ಪಟಕ್ಕೆ ಮಾಲೆ ಹಾಕುವ ಮನೆಯಲ್ಲೇ ಮಗಳ ತಟ್ಟೆ ಮೂರು ದಿನ ಬೇರೆ. ಬಾಬಾಸಾಹೇಬರ ಪಟ ತೂಗಿದ ನಮ್ಮ ಮನೆಗಳೂ ಇದಕ್ಕೆ ಹೊರತಲ್ಲ, ಒಪ್ಪಿಕೊಳ್ಳೋಣ.

2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಚೀನಾದ ಈಜುಗಾರ್ತಿ ಫು ಯುವಾನ್‌ಹುಯಿ ತಾನು ಮುಟ್ಟಾಗಿದ್ದೇನೆ ಎಂದು ಟೀವಿಯವರ ಮುಂದೆಯೇ ಹೇಳಿದರು. 2024ರಲ್ಲಿ ಪ್ಯಾರಿಸಿನಲ್ಲಿ ನಮ್ಮ ಮೀರಾಬಾಯಿ ಚಾನು 199 ಕಿಲೋ ಎತ್ತಿದರು; ಒಂದೇ ಕಿಲೋದಲ್ಲಿ ಕಂಚು ತಪ್ಪಿತು. ಅಂದು ಮುಟ್ಟಿನ ಮೂರನೇ ದಿನ ಎಂದು ಮುಚ್ಚಿಡದೆ ಹೇಳಿದರು. ಇದನ್ನು ನೆಪ ಅನ್ನುವವರಿದ್ದಾರೆ. ಪೈಲವಾನನ ಮೊಣಕಾಲು ಉಳುಕಿದರೆ ಪತ್ರಿಕೆಗೆ ಸುದ್ದಿ. ಹೆಣ್ಣಿನ ಹೊಟ್ಟೆನೋವು ಮಾತ್ರ ನೆಪವೆ? ಬಿಳಿ ಬಟ್ಟೆಯ ಹಟ ಹಿಡಿದಿದ್ದ ವಿಂಬಲ್ಡನ್ ಕೂಡ 2023ರಲ್ಲಿ ಹೆಣ್ಣುಮಕ್ಕಳಿಗೆ ಗಾಢ ಬಣ್ಣದ ಒಳಚಡ್ಡಿ ಒಪ್ಪಿತು. ನಮ್ಮ ಪೇಪರು ಟೀವಿಗಳೋ, ಪ್ಯಾಡಿನ ಜಾಹೀರಾತಿನ ದುಡ್ಡು ಎಣಿಸಿಕೊಂಡವು. ರಕ್ತದ ಬದಲು ನೀಲಿ ನೀರು ತೋರಿಸಿದವು.

ಈ ಮೌನದಿಂದ ಲಾಭ ಯಾರಿಗೆ? ಮೈದಾನದಲ್ಲಿ ನೀರು, ಪಾಯಖಾನೆ ಕೊಡದವನಿಗೆ. ಕೂಲಿ ಮುರಿಯುವವನಿಗೆ. ನಮ್ಮ ತಾಲೂಕುಗಳು ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲ, 1928ರಲ್ಲೇ, ಅಂಬೇಡ್ಕರರು ಆ ಪ್ರಾಂತ್ಯದ ಶಾಸನಸಭೆಯಲ್ಲಿ ಕಾರ್ಖಾನೆಯ ಹೆಂಗಸರ ಹೆರಿಗೆ ಭತ್ಯೆಗಾಗಿ ವಾದಿಸಿದರು. ಹೆಣ್ಣಿನ ಮೈಯ ಮಾತು ಸಭೆಯ ಮಾತಾಯಿತು. 2025ರಲ್ಲಿ ಕರ್ನಾಟಕ ಸರ್ಕಾರ ತಿಂಗಳಿಗೊಂದು ದಿನ ಸಂಬಳಸಹಿತ ಮುಟ್ಟಿನ ರಜೆಯ ಆದೇಶ ಹೊರಡಿಸಿತು. ಬೀಡಿ ಕಾರ್ಮಿಕರ ಕಾಯ್ದೆಯೂ ಅದರ ಪಟ್ಟಿಯಲ್ಲಿದೆ. ಆದರೆ ಸಾವಿರಕ್ಕಿಷ್ಟು ಎಂದು ಬೀಡಿ ಕಟ್ಟುವ ನಿಪ್ಪಾಣಿಯ ತಾಯಿಗೆ ರಜೆ ಯಾರು ಕೊಟ್ಟಾರು? ರಾಯಬಾಗ, ಅಥಣಿಯಲ್ಲಿ ಕಬ್ಬು ಕಡಿಯುವವಳಿಗೆ? ಶಾಲೆಯಲ್ಲಿ ಆಡಲು ಕಲಿಯದ ಮಾತನ್ನು ಮುಕಾದಮನ ಎದುರು ಅವಳು ಹೇಗೆ ಆಡಿಯಾಳು?

ಗೆಳೆಯರೇ, ಮಾಸ್ತರರೇ, ಆಡುವುದೋ ಬಿಡುವುದೋ, ಹೇಳುವುದೋ ಬಿಡುವುದೋ ಆ ಹುಡುಗಿಯ ಇಷ್ಟ. ಆದರೆ ಅವಳ ಬಾಯಿ ಮುಚ್ಚಿಸುವ ಹಕ್ಕು ನಮಗಿಲ್ಲ. ಪ್ರತಿ ಕ್ರೀಡಾಕೂಟದಲ್ಲಿ ನೀರು, ಬಾಗಿಲಿರುವ ಪಾಯಖಾನೆ, ಪ್ಯಾಡು, ಕಪ್ಪು ಚಡ್ಡಿ ಇರಲಿ ಎಂದು ಬರೆದು ಕೇಳೋಣ. ಆ ಅರ್ಜಿಯಲ್ಲಿ 'ಮುಟ್ಟು' ಎಂದೇ ಬರೆಯೋಣ.

1927ರಲ್ಲಿ ಮಹಾಡದ ಚವದಾರ ಕೆರೆಯ ನೀರು ಮುಟ್ಟಿದವರ ಮಕ್ಕಳು ನಾವು. ಒಂದು ಶಬ್ದ ಮುಟ್ಟಲು ಅಂಜುವುದೆ?