ಕಿರುತೆರೆಯ ಬಾಲಪ್ರತಿಭೆ: ‘ಸ್ವಾಮಿ’ಯ ದಾರಿ, ಕೊಪ್ಪಳದ ಪ್ರಶ್ನೆ

ಕೊಪ್ಪಳ: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಶಾಲಾ ವಾರ್ಷಿಕೋತ್ಸವಗಳಲ್ಲಿ ಏಕಪಾತ್ರಾಭಿನಯ ಮಾಡುವ ಮಗುವನ್ನು ಕಂಡೊಡನೆ ‘ಇವನು ಟೀವಿಗೆ ಹೋಗಬೇಕು’ ಎನ್ನುವ ಮಾತು ಕೇಳಿಬರುವುದು ಸಹಜ. ಹೋದ ಮಗು ಮುಂದೇನಾಗುತ್ತದೆ ಎಂಬುದನ್ನು ಕೇಳುವವರು ವಿರಳ.

ಈ ಪ್ರಶ್ನೆಗೆ ಕನ್ನಡ ನಾಡಿನಲ್ಲಿ ದೊರೆಯುವ ಅತ್ಯಂತ ಪ್ರಸಿದ್ಧ ಉತ್ತರ ಮಾಸ್ಟರ್ ಮಂಜುನಾಥ್. ಆರ್.ಕೆ.ನಾರಾಯಣ್ ಕಥೆಗಳನ್ನು ಆಧರಿಸಿ ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಸ್ವಾಮಿ ಪಾತ್ರದಿಂದ, 1980ರ ದಶಕದ ಉತ್ತರಾರ್ಧದಲ್ಲಿ ಅವರು ದೇಶದ ಮನೆಮಾತಾದರು. ತಂದೆಯ ಪಾತ್ರದಲ್ಲಿದ್ದವರು ಗಿರೀಶ್ ಕಾರ್ನಾಡ್. 1990ರ ‘ಅಗ್ನಿಪಥ್’ ಹಿಂದಿ ಚಿತ್ರದಲ್ಲಿ ಅಮಿತಾಭ್ ಬಚ್ಚನ್ ಪಾತ್ರದ ಬಾಲ್ಯವನ್ನು ನಿರ್ವಹಿಸಿದವರೂ ಮಂಜುನಾಥ್ ಅವರೇ. ಅದೇ ವರ್ಷದ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ದಾವಣಗೆರೆ ಬಳಿಯ ಅಪಘಾತದಲ್ಲಿ ನಿಧನರಾದರು. ಇಪ್ಪತ್ತು ತುಂಬುವ ಮುನ್ನವೇ ನಟನೆಯಿಂದ ಹಿಂದೆ ಸರಿದ ಮಂಜುನಾಥ್, ಓದು ಮುಗಿಸಿ ಬೆಂಗಳೂರಿನಲ್ಲಿ ಸಾರ್ವಜನಿಕ ಸಂಪರ್ಕ ಕ್ಷೇತ್ರ ಸೇರಿದರು. ಇದನ್ನು ಸೋಲೆಂದು ಬಣ್ಣಿಸುವ ರೂಢಿಯಿದೆ, ಅದು ಸರಿಯಲ್ಲ. ಓದಿನ ಆಸರೆ ಇದ್ದುದರಿಂದಲೇ ಅವರಿಗೆ ಆ ಆಯ್ಕೆ ಸಾಧ್ಯವಾಯಿತು.

ಇಲ್ಲೊಂದು ವಿಪರ್ಯಾಸವಿದೆ. ಕನ್ನಡದ ನಿರ್ದೇಶಕ, ಕನ್ನಡದ ಬಾಲಕ, ಮಲೆನಾಡಿನ ಊರು ಇದ್ದೂ ಧಾರಾವಾಹಿ ಮಾತಾಡಿದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. 1960ರ ದಶಕದಿಂದ ಜಾರಿಯಲ್ಲಿದ್ದ ಅನಧಿಕೃತ ಡಬ್ಬಿಂಗ್ ನಿರ್ಬಂಧದ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ನೀಡಿದ ನಂತರವೇ ಹಾದಿ ತೆರೆಯಿತು. 2020ರ ಲಾಕ್‌ಡೌನ್ ವೇಳೆ ಸ್ವಾಮಿಯೂ ಕಿರುತೆರೆಯಲ್ಲಿ ಕನ್ನಡ ಮಾತಾಡಿದ. ಅಷ್ಟರಲ್ಲಿ ಮಂಜುನಾಥ್ ನಲವತ್ತು ದಾಟಿದ್ದರು.

ಡಬ್ಬಿಂಗ್ ಬಂದ ಮೇಲೆ ಮಕ್ಕಳ ದನಿಗೂ ಬೇಡಿಕೆ ಹುಟ್ಟಿತು. ಆದರೆ ಸ್ಟುಡಿಯೊಗಳು ಇರುವುದು ಬೆಂಗಳೂರಿನಲ್ಲಿ, ಅಲ್ಲಿ ಕೇಳುವುದು ಬೆಂಗಳೂರು–ಮೈಸೂರು ಸೀಮೆಯ ಕನ್ನಡ. ಯಲಬುರ್ಗಾದ ಮಗು ‘ಹೋಗಾಕತ್ತೀನಿ’ ಎಂದರೆ ಅದು ಹಾಸ್ಯಪಾತ್ರಕ್ಕಷ್ಟೇ ಮೀಸಲು. ಈ ಭಾಗದ ದನಿಗೆ ಹತ್ತಿರದ ಮೈಕು ಇಂದಿಗೂ ಹೊಸಪೇಟೆ ಆಕಾಶವಾಣಿಯದು. ಸಾಲದ್ದಕ್ಕೆ, ಬಾಲಕನ ದನಿ ಹದಿಮೂರು, ಹದಿನಾಲ್ಕರ ಸುಮಾರಿಗೆ ಒಡೆಯುತ್ತದೆ; ಗಳಿಕೆಯ ಅವಧಿ ಮುಖಕ್ಕಿಂತಲೂ ಚಿಕ್ಕದು.

ಕಾನೂನು ಇಲ್ಲವೆಂದಲ್ಲ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ, 2017ರಲ್ಲಿ ನಿಯಮಗಳು ಬಂದವು. ದಿನಕ್ಕೆ ಐದು ಗಂಟೆ ಮೀರುವಂತಿಲ್ಲ, ವಿರಾಮವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ, ಸತತ 27 ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಗಳಿಕೆಯ ಕನಿಷ್ಠ ಶೇ 20ರಷ್ಟನ್ನು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಬೇಕು. ರೇಡಿಯೊ, ರಿಯಾಲಿಟಿ ಷೋಗಳೂ ಇದರ ವ್ಯಾಪ್ತಿಯಲ್ಲಿವೆ.

ತೊಡಕಿರುವುದು ಅನುಮತಿಯಲ್ಲಿ. ನಿರ್ಮಾಪಕರು ಅನುಮತಿ ಪಡೆಯಬೇಕಾದದ್ದು ಕೆಲಸ ನಡೆಯುವ ಜಿಲ್ಲೆಯ ದಂಡಾಧಿಕಾರಿಯಿಂದ, ಮಗುವಿನ ತವರು ಜಿಲ್ಲೆಯಿಂದಲ್ಲ. ಕುಷ್ಟಗಿಯ ಬಾಲಕಿ ಬೆಂಗಳೂರಿನಲ್ಲಿ ಕ್ಯಾಮೆರಾ ಎದುರಿಸಿದರೆ ಕಡತ ಇರುವುದು ಬೆಂಗಳೂರಿನಲ್ಲಿ. ಅವಳು ತಪ್ಪಿಸಿಕೊಂಡ ತರಗತಿಗಳ ಲೆಕ್ಕ ಮಾತ್ರ ಕುಷ್ಟಗಿಯ ಶಾಲೆಯ ಹಾಜರಿ ಪುಸ್ತಕದಲ್ಲಿ. ಅನುಮತಿಯ ಒಂದು ಪ್ರತಿ ಕೊಪ್ಪಳ ಜಿಲ್ಲಾಧಿಕಾರಿ ಕಚೇರಿಗೂ ಶಾಲೆಗೂ ಬರುವಂತಾದರೆ, ಠೇವಣಿ ರಸೀದಿ ಎಲ್ಲಿ ಎಂದು ಕೇಳಲು ಪೋಷಕರ ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ.